ಹೇಮಿಯ ಮನೆ ಹೋದ ಊರು

ನಮ್ಮ ಶಾಲೆಯ ನಕಾಶೆ ಮೊದಲೆಲ್ಲ ಗೋಡೆಗೆ ಮುಖ ಮಾಡಿಕೊಂಡೇ ಇರುತ್ತಿತ್ತು. ಅದರ ಬೆನ್ನಿನ ಬಿಳಿ ಬಟ್ಟೆಯ ಮೇಲೆ ಮಕ್ಕಳು ಇದ್ದಿಲಿನಲ್ಲಿ ಮಗ್ಗಿ ಬರೆಯುತ್ತಿದ್ದರು. ನಾನು ಅದನ್ನು ತಿರುಗಿಸಿ ಹಾಕಿದ ದಿನ ಶಾಲಾ ಸಮಿತಿಯ ಅಧ್ಯಕ್ಷರಾದ ಗುರುಮೂರ್ತಪ್ಪನವರು ಚಪ್ಪಲಿ ಬಿಡುವುದನ್ನೂ ಮರೆತು ತರಗತಿಯೊಳಗೆ ನುಗ್ಗಿ, ಎರಡೂ ಕೈ ಅಗಲಿಸಿ ನಕಾಶೆಯನ್ನು ಮೈಯಿಂದ ಮುಚ್ಚಿಕೊಂಡು ನಿಂತರು. ಎತ್ತರದ ಮನುಷ್ಯ. ಆದರೂ ಒಂದಷ್ಟು ಸಮುದ್ರವೂ ಪೂರ್ವದ ಕೆಲವು ಗುಡ್ಡಗಳೂ ಅವರ ಆಚೀಚೆ ಕಾಣುತ್ತಲೇ ಇದ್ದವು.

"ಮಿಸ್ನೋರೆ, ಈ ಮಕ್ಕಳ ಮನೆ ಹಾಳು ಮಾಡಬೇಕು ಅಂತ ಮಾಡಿದೀರಾ?"

"ಹಾಳಾಗಬಾರದು ಅಂತಲೇ ಸಾರ್" ಎಂದೆ. ನಾನು ಸ್ವಭಾವತಃ ಅಂಜುಬುರುಕಿ. ಪ್ರತಿ ಮಾತನ್ನೂ ಬಾಯೊಳಗೆ ಒಮ್ಮೆ ಹೊರಳಿಸಿ ನೋಡಿಯೇ ಹೊರಗೆ ಬಿಡುವವಳು. ಆದರೆ ಆ ದಿನ ನಕಾಶೆಯನ್ನು ಮತ್ತೆ ತಿರುಗಿಸಲಿಲ್ಲ.

ನಮ್ಮ ಊರಿನಲ್ಲಿ ಮನೆಗಳು ಹೋಗುತ್ತವೆ. ಕಳೆದುಹೋಯಿತು ಎಂದು ಯಾರೂ ಅನ್ನುವುದಿಲ್ಲ, ನೆಂಟರ ಊರಿಗೆ ಹೋಗಿದೆ ಅನ್ನುತ್ತಾರೆ. ಊರಿನಿಂದ ಹೊರಡುವ ರಸ್ತೆ ಕೆರೆ ಏರಿ ಹತ್ತಿ, ಹುಣಸೆ ತೋಪು ಬಳಸಿ ಮತ್ತೆ ನಮ್ಮ ಊರಿಗೇ ಬಂದು ಸೇರುವುದರಿಂದ, ಹೊರಗಿನ ಲೋಕ ನೋಡಬೇಕೆಂದರೆ ಮನೆಯೇ ಕರೆದುಕೊಂಡು ಹೋಗಬೇಕು. ಉಪ್ಪು, ಬೆಂಕಿಪೊಟ್ಟಣ, ಸೂಜಿ, ಫೋನು, ಎಲ್ಲವೂ ಹೋಗಿ ಬಂದ ಮನೆಗಳ ಜೊತೆಯಲ್ಲೇ ಬಂದದ್ದು. 'ಈ ಸಲ ನಿಮ್ಮನೆ ಹೋದ್ರೆ ನಂಗೊಂದು ಜೊತೆ ಹವಾಯಿ ಚಪ್ಪಲಿ ತಗಂಬಾ' ಎಂದು ಮುಂಗಡವಾಗಿ ಹೇಳಿಡುವವರಿದ್ದಾರೆ. ಹೆಣ್ಣು ಕೊಡುವವರು 'ಹುಡುಗನ ಮನೆ ಬಾಳ ತಿರುಗುತ್ತಾ?' ಎಂದು ಮೊದಲು ವಿಚಾರಿಸುತ್ತಾರೆ.

ಹೋದ ಮನೆಯ ಒಳಗಿದ್ದವರಿಗೆ ತಾವು ಎಲ್ಲಿದ್ದೇವೆ ಎಂಬುದು ತಿಳಿಯುವುದಿಲ್ಲ. ಅವರೇ ನೋಡಿ, ಯೋಚಿಸಿ, ಆ ಜಾಗದ ಹೆಸರು ಹೇಳಿದರೆ ಮರುದಿನ ಬೆಳಗಾಗುವಷ್ಟರಲ್ಲಿ ಮನೆ ವಾಪಸು ಬಂದು ಕೂತಿರುತ್ತದೆ. ತಪ್ಪು ಹೆಸರು ಹೇಳಿದರೆ ಇನ್ನೂ ದೂರ ಹೋಗುತ್ತದೆ. ಹಾಗೆ ಮತ್ತೆ ಮತ್ತೆ ತಪ್ಪಿದವರಿಂದ ಫೋನು ಬರುವುದೇ ನಿಂತುಹೋಗಿದೆ. ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಹೆಸರನ್ನು ಬೇರೆ ಯಾರಾದರೂ ಅವರಿಗೆ ಹೇಳಿಬಿಟ್ಟರೆ ಮನೆ ಅಲ್ಲೇ ಬೇರು ಬಿಡುತ್ತದೆ. ಆಮೇಲೆ ಅವರು ನಮಗೆ ಬರೀ ಫೋನಿನಲ್ಲಿ ಕೇಳುವ ದನಿ.

ಓದಿ ತಿಳಿದರೂ ಹೇಳಿಸಿಕೊಂಡಂತೆಯೇ ಲೆಕ್ಕ. ಅದಕ್ಕೇ ನಮ್ಮಲ್ಲಿ ಗುಂಡಿ ಒತ್ತುವ ಹಳೆಯ ಫೋನುಗಳನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಮನೆ ಹೋದಾಗ ಹಾಲು ತರಲು ಹೊರಟ ಹೆಂಗಸರು, ಅಂಗಡಿ ಬೋರ್ಡು ಕಣ್ಣಿಗೆ ಬೀಳದಂತೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ನಡೆಯುತ್ತಾರೆ. ಗುರುಮೂರ್ತಪ್ಪನವರ ಮಗನ ಮನೆ ಹೋದಾಗ ಮೊಮ್ಮಗ ನಂದೀಶ ಕಿಟಕಿಯಿಂದ ಮೈಲಿಗಲ್ಲು ನೋಡಿ, ಅಕ್ಷರ ಕಲಿತ ಹೊಸ ಹುರುಪಿನಲ್ಲಿ ಅದನ್ನು ಗಟ್ಟಿಯಾಗಿ ಓದಿಬಿಟ್ಟ. ಈಗವನಿಗೆ ಮೀಸೆ ಬಂದಿದೆಯಂತೆ. ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಅಜ್ಜ ಊಟ ಆಯಿತೇ ಎಂದು ಕೇಳುತ್ತಾರೆ, ಅವನು ಆಯಿತು ಎನ್ನುತ್ತಾನೆ, ಇಬ್ಬರೂ ಸುಮ್ಮನಿರುತ್ತಾರೆ.

ಹೀಗಾಗಿ ಊರಿನ ಹಿರಿಯರು ಯಾವ ಊರಿನ ಹೆಸರನ್ನೂ ಮಕ್ಕಳ ಕಿವಿಗೆ ಬೀಳದಂತೆ ಸಾಕುವುದನ್ನು ರೂಢಿ ಮಾಡಿಕೊಂಡಿದ್ದರು. ಹೆಸರೇ ಗೊತ್ತಿಲ್ಲದಿದ್ದರೆ ಓದಿದರೂ ಊರು ಯಾವುದು, ಬಟ್ಟೆ ಅಂಗಡಿ ಯಾವುದು ಎಂದು ತಿಳಿಯುವುದಿಲ್ಲವಲ್ಲ ಎಂಬುದು ಅವರ ವಾದ. ಆದರೆ ಹೆಸರೇ ಗೊತ್ತಿಲ್ಲದವರು ಹಿಂತಿರುಗುವುದು ಹೇಗೆ? ಅದನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ, ಯಾಕೆಂದರೆ ನಾನು ಹೋಗಿ ಬಂದವಳು. ನನ್ನ ಹರೆಯದಲ್ಲಿ ನಮ್ಮ ಮನೆ ಒಂದು ದೊಡ್ಡ ಊರಿಗೆ ಹೋಗಿ ವರ್ಷಗಟ್ಟಲೆ ಕೂತಿತು. ಅಪ್ಪ ಅಮ್ಮ ಹೆದರಿ ಬಾಗಿಲು ಹಾಕಿಕೊಂಡರು. ನಾನು ಕಿವಿಗೆ ಹತ್ತಿ ತುರುಕಿಕೊಂಡು ಕಾಲೇಜಿಗೆ ಹೋದೆ. ಕಾಲೇಜಿನ ಹೆಸರಿರುವ ಕಮಾನಿನ ಕೆಳಗೆ ಕಣ್ಣು ಮುಚ್ಚಿ ನಡೆಯುತ್ತಿದ್ದ ನನ್ನನ್ನು ಗೆಳತಿಯರು ಹುಚ್ಚಿ ಎಂದೇ ತಿಳಿದಿದ್ದರು. ಕೊನೆಗೆ ಅಲ್ಲಿ ಕಲಿತ ಭೂಗೋಳದಿಂದಲೇ, ನೆರಳನ್ನೂ ಗಾಳಿಯನ್ನೂ ಮಣ್ಣನ್ನೂ ಜೋಡಿಸಿ, ಆ ಊರು ಯಾವುದೆಂದು ಕಂಡುಕೊಂಡು ಮನೆಯನ್ನು ವಾಪಸು ತಂದೆ. ಬರುವಾಗ ತಂದ ನಕಾಶೆಯೇ ಶಾಲೆಯ ಗೋಡೆಯಲ್ಲಿರುವುದು.

"ಸಾರ್, ಇವರಿಗೆ ನಾನು ಹೆಸರು ಹೇಳಿಕೊಡೋದು ಮಾತ್ರ ಅಲ್ಲ, ನೋಡೋದನ್ನೂ ಕಲಿಸ್ತೀನಿ" ಎಂದೆ.

"ಮೊದಲನೇ ಮನೆ ಹೋಗ್ಲಿ. ಅದು ಬಂದ್ರೆ ನಿಮ್ಮ ನಕಾಶೆ ಗೋಡೆ ಮ್ಯಾಲಿರುತ್ತೆ. ಬರ್ಲಿಲ್ಲ ಅಂದ್ರೆ ಒಲೆಗೆ" ಎಂದರು ಗುರುಮೂರ್ತಪ್ಪ. ಆಮೇಲೆ ಕಾಲಿನ ಕಡೆ ನೋಡಿಕೊಂಡು, ಹೊರಗೆ ಹೋಗಿ ಚಪ್ಪಲಿ ಬಿಟ್ಟು, ಮತ್ತೆ ಒಳಗೆ ಬಂದು ಅದೇ ಮಾತನ್ನು ಇನ್ನೊಮ್ಮೆ ಹೇಳಿದರು.

ಶನಿವಾರ ಶನಿವಾರ ಏಳನೇ ತರಗತಿಯಲ್ಲಿ ಆಟ ಶುರುವಾಯಿತು. ಒಬ್ಬರು ನಕಾಶೆಯಲ್ಲಿ ಒಂದು ಜಾಗವನ್ನು ಮನಸ್ಸಿನಲ್ಲೇ ಹಿಡಿದುಕೊಂಡು ಮೂಲೆಗೆ ಹೋಗಿ ಕೂರಬೇಕು. ಅವರ ಮನೆ ಅಲ್ಲಿಗೆ ಹೋಗಿದೆ. ಉಳಿದವರು ಪ್ರಶ್ನೆ ಕೇಳಿ ಕಂಡುಹಿಡಿಯಬೇಕು. ಕಣ್ಣಿಗೆ ಕಂಡದ್ದು, ಮೂಗಿಗೆ ಬಡಿದದ್ದು, ಕೈಯಲ್ಲಿ ಅಳೆದದ್ದು, ಇಷ್ಟನ್ನೇ ಉತ್ತರವಾಗಿ ಕೊಡಬಹುದು. ಮೊದಲ ವಾರ ಲೋಕೇಶಿ ಎಂಬ ಬಾಯಿಬಡುಕ, "ಅಲ್ಲಿ ಎಮ್ಮೆ ಐತಾ?" ಎಂದು ಕೇಳಿದ.

"ಎಮ್ಮೆ ಎಲ್ಲಾ ಕಡೆ ಇರುತ್ತೆ ಕಣೋ ಎಮ್ಮೆ" ಎಂದಳು ನಸ್ರೀನ್. "ಮಣ್ಣು ಯಾವ ಬಣ್ಣ ಅಂತ ಕೇಳು. ಹಪ್ಪಳ ಎಷ್ಟೊತ್ತು ಗರಿಗರಿ ಇರುತ್ತೆ ಅಂತ ಕೇಳು."

ನಸ್ರೀನ್ ಪ್ರಶ್ನೆ ಕೇಳುವುದರಲ್ಲಿ ಜಾಣೆ. ಹೇಮಾವತಿ, ಎಲ್ಲರ ಬಾಯಲ್ಲಿ ಹೇಮಿ, ಹಾಗಲ್ಲ. ಅವಳು ನಿಧಾನಿ. ಎಲ್ಲರೂ ಉತ್ತರ ಕೂಗಿದ ಮೇಲೂ ಹುಬ್ಬು ಗಂಟು ಹಾಕಿಕೊಂಡು, 'ಬೇರೆ ಯಾವುದೂ ಆಗಿರಕ್ಕಿಲ್ವಾ ಮಿಸ್?' ಎಂದು ಕೇಳುವವಳು. ಮಕ್ಕಳು ಅವಳಿಗೆ 'ಬೇರೆ ಯಾವುದೂ' ಎಂದೇ ಅಡ್ಡಹೆಸರಿಟ್ಟಿದ್ದರು. ಎತ್ತರದ ಜಾಗದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅದರ ಬಿಸಿ ಕಡಿಮೆ, ಬೇಳೆ ಬೇಯುವುದಿಲ್ಲ ಎಂದು ನಾನು ಹೇಳಿದಾಗ, ಕುದಿಯುವ ನೀರಿನಲ್ಲಿ ಕಡಿಮೆ ಬಿಸಿ ಜಾಸ್ತಿ ಬಿಸಿ ಅಂತ ಇರುತ್ತದೆಯೇ ಎಂದು ಒಂದು ವಾರ ನನ್ನ ಬೆನ್ನು ಹತ್ತಿದ್ದಳು. ಸಮುದ್ರದ ನೀರು ದಿನಾ ಏರಿ ಇಳಿಯುತ್ತದೆ ಎಂದಾಗ ಇಡೀ ತರಗತಿ ನಕ್ಕಿತು. ಅವಳು ನಗಲಿಲ್ಲ. ನಮ್ಮಲ್ಲಿ ಯಾರೂ ಸಮುದ್ರ ನೋಡಿದವರಲ್ಲ. ನಾನೂ ನೋಡಿಲ್ಲ.

ಮೊದಲು ಹೋದದ್ದು ಅವಳದೇ ಮನೆ. ಮಾಗಿ ಚಳಿಯ ಒಂದು ಬೆಳಿಗ್ಗೆ ಅವಳ ತಾಯಿ ಚೌಡಮ್ಮ ಬೀದಿ ನಲ್ಲಿಗೆ ಹೋಗಿ ಬಿಂದಿಗೆ ಹೊತ್ತು ತಿರುಗಿ ಬರುವಷ್ಟರಲ್ಲಿ ಮನೆಯಿದ್ದ ಜಾಗದಲ್ಲಿ ಬರೀ ತೇವದ ನೆಲವಿತ್ತು. ಒಳಗೆ ಹೇಮಿ ಇದ್ದಳು. ತೊಟ್ಟಿಲಲ್ಲಿ ಇನ್ನೂ ಎದೆಹಾಲು ಬಿಡದ ಕೂಸು ಇತ್ತು. ಚೌಡಮ್ಮ ಬಿಂದಿಗೆಯನ್ನು ಕೆಳಗಿಡಲೂ ತೋಚದೆ, ಅದನ್ನು ಸೊಂಟದಲ್ಲೇ ಇಟ್ಟುಕೊಂಡು ನಿವೇಶನದ ಸುತ್ತ ನಡೆಯುತ್ತಿದ್ದಳಂತೆ. ನಾನು ಹೋದಾಗ, ಹೊಲದಿಂದ ಓಡಿಬಂದಿದ್ದ ಅವಳ ಗಂಡ ಈರಣ್ಣ ಆ ಜಾಗವನ್ನು ಗುಡಿಸಿ, ನಡುವೆ ಚಾಪೆ ಹಾಸಿ ಕೂತಿದ್ದ. ಮನೆ ಬರುವವರೆಗೆ ಅವನು ಅಲ್ಲಿಂದ ಏಳುವಂತಿಲ್ಲ. ಜಾಗ ಖಾಲಿ ಬಿಟ್ಟರೆ ಬೇರೆ ಯಾರದಾದರೂ ಮನೆ ಬಂದು ಕೂತುಬಿಡುವುದುಂಟು.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು.

"ಅವ್ವಾ, ಅಳಬೇಡ. ನಾನು ಹೊರಗೆ ಏನೂ ಓದಿಲ್ಲ. ಇಲ್ಲೊಬ್ಬರು ಅಕ್ಕ ಅವ್ರೆ, ಮೇಕೆ ಹಾಲು ಕೊಟ್ರು. 'ಇದು ಯಾವೂರು ಅಂತ ಗೊತ್ತಿಲ್ವಾ ಮಗಾ' ಅಂತ ಬಾಯಿ ತೆಗೆದ್ರು, ನಾನು ಕಿವಿ ಮುಚ್ಕಂಡು ಜೋರಾಗಿ ಮಗ್ಗಿ ಹೇಳ್ದೆ. ಈಗ ನನ್ನ ಕಂಡ್ರೆ ಅವರಿಗೆ ಹೆದರಿಕೆ."

ಚೌಡಮ್ಮ ನಗುತ್ತ ಅಳುತ್ತ, "ಕೂಸು ಕುಡೀತಾ?" ಎಂದಳು.

"ಬಾಯಿಗೆ ಇಟ್ರೆ ಉಗೀತಾನೆ ಅವ್ವಾ. ಬತ್ತಿಲಿ ಅದ್ದಿ ಅದ್ದಿ ಹಾಕ್ತಾ ಇದೀನಿ."

ನಾನು ತರಗತಿಯನ್ನೇ ಅಲ್ಲಿಗೆ ಕರೆತಂದೆ. ನಕಾಶೆಯನ್ನು ಎರಡು ಕೋಲಿಗೆ ಕಟ್ಟಿ ಈರಣ್ಣನ ಚಾಪೆಯ ಹಿಂದೆ ನಿಲ್ಲಿಸಿದೆವು. ಫೋನಿನ ದನಿ ದೊಡ್ಡದು ಮಾಡಿ ಒಂದು ಮಡಕೆಯೊಳಗೆ ಇಟ್ಟೆವು, ಆಗ ಎಲ್ಲರಿಗೂ ಕೇಳುತ್ತದೆ. ಗುರುಮೂರ್ತಪ್ಪನವರು ಕುರ್ಚಿ ತರಿಸಿಕೊಂಡು, ಊರುಗೋಲಿನ ಮೇಲೆ ಗದ್ದವಿಟ್ಟು ಕೂತರು. ಹೊರಡುವ ಮುಂಚೆಯೇ ಮಕ್ಕಳಿಗೆ ಹೇಳಿದ್ದೆ: "ಕೇಳಬಹುದು, ಹೇಳಬಾರದು. ಹೌದು, ಅಲ್ಲ ಅನ್ನೋದೂ ಹೇಳಿದ ಹಾಗೆಯೇ. ತಲೆ ಆಡಿಸಿದರೆ ಅವಳಿಗೆ ಕಾಣಲ್ಲ, ಅಷ್ಟು ಮಾಡಿ."

"ಹೇಮಿ, ಸೂರ್ಯ ಮುಳುಗಿದನಾ?" ಎಂದು ಸಂಜೆ ನಸ್ರೀನ್ ಕೇಳಿದಳು. ನಮ್ಮಲ್ಲಿ ಆಗಲೇ ಕತ್ತಲು ಇಳಿಯುತ್ತಿತ್ತು.

"ಇಲ್ಲ. ಇನ್ನೂ ಕೆಂಪಗೆ ಅವ್ನೆ. ನೀರಿನ ಮ್ಯಾಲೆ."

"ನೀರಾ? ಎಷ್ಟು ನೀರು?"

"ಕಣ್ಣು ಹೋದಷ್ಟೂ ನೀರೇ. ಆ ದಡ ಕಾಣಲ್ಲ. ಬಾಯಿಗೆ ಹಾಕ್ಕಂಡೆ, ಕಹಿ ಉಪ್ಪು. ಬಿಳೀ ಹಕ್ಕಿಗಳವೆ. ಉಪ್ಪು ರಾಶಿ ಹಾಕವ್ರೆ."

ಮಕ್ಕಳೆಲ್ಲ ಒಮ್ಮೆಲೆ ನಕಾಶೆಯ ಎಡಬದಿಗೆ ಮುಗಿಬಿದ್ದರು. ಸೂರ್ಯ ನಮಗಿಂತ ತಡವಾಗಿ ಮುಳುಗುತ್ತಾನೆಂದರೆ ಪಶ್ಚಿಮ. ಪಶ್ಚಿಮದಲ್ಲಿ ಉಪ್ಪುನೀರೆಂದರೆ ಸಮುದ್ರ. ಸಮುದ್ರದ ದಂಡೆಯಲ್ಲಿ ಉಪ್ಪು ಬೆಳೆಯುವ ಊರೆಂದು ನಕಾಶೆಯಲ್ಲಿ ಇದ್ದದ್ದು ಒಂದೇ, ಮರಳ್ಕೊಪ್ಪ. ಲೋಕೇಶಿ ಬಾಯಿ ತೆರೆಯುವುದು ಕಂಡು ನಾನು ಹಾರಿ ಅವನ ಮುಖಕ್ಕೇ ಅಂಗೈ ಒತ್ತಿದೆ. ಅವನ ಹಲ್ಲು ನನ್ನ ಕೈಗೆ ತಾಗಿತು.

"ಬೇಳೆ ಬೇಗ ಬೆಂದಿತಾ?" ಎಂದು ನಸ್ರೀನ್ ಮತ್ತೆ ಕೇಳಿದಳು.

"ಇಲ್ಲ ಕಣೆ. ಸೌದೆ ಮುಗೀತು, ಬೇಳೆ ಹಂಗೇ ಐತೆ, ಕಲ್ಲಿನ ಹಂಗೆ."

ನಸ್ರೀನ್ ನನ್ನ ಕಿವಿಯಲ್ಲಿ, "ಗಡಸು ನೀರು ಮಿಸ್. ಉಪ್ಪಿನ ಊರಲ್ವಾ" ಎಂದಳು. ನಾನು ತಲೆಯಾಡಿಸಿದೆ. ಎಲ್ಲವೂ ಹೊಂದಿಕೊಳ್ಳುತ್ತಿತ್ತು. ಇನ್ನು ಹೇಮಿಯೇ ಅದನ್ನು ಕಂಡುಕೊಳ್ಳುವಂತೆ ಮಾಡುವುದಷ್ಟೇ ಉಳಿದಿತ್ತು.

ಆದರೆ ಅವಳು ಹೆಸರು ಹೇಳಲಿಲ್ಲ. "ನಾಳೆ ಫೋನ್ ಮಾಡ್ತೀನಿ ಮಿಸ್. ಇನ್ನೂ ಒಂಚೂರು ನೋಡಬೇಕು" ಎಂದು ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಚೌಡಮ್ಮನ ಮೈ ಕೆಂಡದಂತೆ ಸುಡುತ್ತಿತ್ತು. ಹಾಲು ತುಂಬಿ ಎದೆ ಕಟ್ಟಿ ರವಿಕೆ ಒದ್ದೆಯಾಗಿತ್ತು. ನೆರೆಯವಳು ಬಾವಿಗೆ ಎದೆಯ ಮೇಲೆ ಇಟ್ಟುಕೊಳ್ಳಲು ಎಲೆಕೋಸಿನ ಎಲೆ ತಂದು ಕೊಟ್ಟಿದ್ದಳು. ಆದರೂ ನೋವಿಗೆ ಚೌಡಮ್ಮ ಹಲ್ಲು ಕಚ್ಚಿಕೊಂಡಿದ್ದಳು. ಫೋನಿನಲ್ಲಿ ಕೂಸಿನ ಅಳು ಕೇಳಿದೊಡನೆ ಅವಳ ಸೆರಗು ಮತ್ತೆ ನೆನೆಯಿತು. ನಿನ್ನೆ ಅದು ಕಿರುಚುತ್ತಿತ್ತು. ಇಂದಿನ ಅಳು ಬೆಕ್ಕಿನ ಮರಿಯ ದನಿಯಂತೆ ತೆಳ್ಳಗಿತ್ತು.

"ಮಿಸ್ನೋರೆ" ಎಂದು ಗುರುಮೂರ್ತಪ್ಪನವರು ಎದ್ದು ನನ್ನ ಹತ್ತಿರ ಬಂದರು. ಮಡಕೆಗೆ ಕೇಳಿಸದಂತೆ ಪಿಸುಗುಟ್ಟಿದರು. "ಮೀನು ಮಾರೋರು ಅವ್ರಾ, ದೋಣಿ ಐತಾ ಅಂತ ಕೇಳಿ. ಅಷ್ಟು ಕೇಳಿದ್ರೆ ಅವಳಿಗೇ ಹೊಳೀತದೆ. ಕೂಸು ಹೋಗ್ಬಿಡ್ತದೆ ಕಣ್ರೀ."

ಅದು ಪ್ರಶ್ನೆಯೋ, ಹೇಳಿಕೊಟ್ಟಂತೆಯೋ? ನಮ್ಮ ಊರಿನಲ್ಲಿ ಆ ಗೆರೆ ಎಲ್ಲಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಒಬ್ಬರು ಕೇಳಿದ ಪ್ರಶ್ನೆಗೆ ಮನೆ ಬೇರು ಬಿಟ್ಟದ್ದುಂಟು, ಇನ್ನೊಬ್ಬರು ಅದಕ್ಕಿಂತ ಬಿಚ್ಚಿ ಕೇಳಿದರೂ ಮನೆ ಬಂದದ್ದುಂಟು. 'ದೋಣಿ' ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂತು. ಅದನ್ನು ಅಲ್ಲೇ ಹಿಡಿದೆ.

"ಹೇಮಿ, ನೀನು ಏನೇನು ನೋಡಿದೆ, ಹೇಳು" ಎಂದಷ್ಟೇ ಕೇಳಿದೆ.

"ಮಿಸ್, ನೀವ್ಯಾರೂ ಮಾತಾಡಬೇಡಿ, ನಾನೇ ಹೇಳ್ತೀನಿ. ನಿನ್ನೆ ಸಂಜೆ ನೀರಿನ ಅಂಚಲ್ಲಿ ನಮ್ಮನೆ ಸೌಟು ನೆಟ್ಟಿದ್ದೆ. ರಾತ್ರಿ ಬ್ಯಾಟರಿ ಹಾಕಿ ನೋಡ್ದೆ, ನೀರು ಸೌಟಿನ ಹತ್ರಾನೇ ಇತ್ತು. ಬೆಳಿಗ್ಗೆ ನೋಡ್ದೆ, ಅಲ್ಲೇ ಇತ್ತು. ಈಗ್ಲೂ ಅಲ್ಲೇ ಐತೆ. ಒಂದು ಬೆರಳೂ ಆಕಡೆ ಈಕಡೆ ಆಗಿಲ್ಲ."

ನಸ್ರೀನ್ ನಕಾಶೆಯ ಸಮುದ್ರದ ಮೇಲಿಟ್ಟಿದ್ದ ಬೆರಳನ್ನು ಹಿಂದಕ್ಕೆ ತೆಗೆದಳು.

"ಆಮೇಲೆ ಬೇಳೆ. ನೀರು ಗಡಸು ಇರ್ಬೇಕು ಅಂದ್ಕಂಡೆ. ಆದ್ರೆ ಪುಟ್ಟನ ಬಟ್ಟೆ ಒಗೆದ್ನಲ್ಲ ಮಿಸ್, ಗುಡ್ಡದಿಂದ ಬರೋ ಊಟೆ ನೀರಲ್ಲಿ, ಸೋಪು ಚೆನ್ನಾಗಿ ನೊರೆ ಬಂತು. ಅದೇ ನೀರಲ್ಲೇ ಬೇಳೆ ಇಟ್ಟಿದ್ದು. ನೀರು ಬೇಗ ಕೊತಕೊತ ಅಂತದೆ, ಬೇಳೆ ಮಾತ್ರ ಬೇಯಲ್ಲ. ಹಂಗಾದ್ರೆ ನಾನು ಮ್ಯಾಲೆ ಇದೀನಿ. ಎತ್ತರದಲ್ಲಿ."

ಅವಳು ಸಮುದ್ರದ ದಂಡೆಯಲ್ಲಿ ಇರಲಿಲ್ಲ. ನಾನು, ನನ್ನ ಪದವಿ, ನನ್ನ ನಕಾಶೆ, ನನ್ನ ಜಾಣ ನಸ್ರೀನ್, ಎಲ್ಲರೂ ಸೇರಿ ಅವಳನ್ನು ಮರಳ್ಕೊಪ್ಪಕ್ಕೆ ನೂಕಲು ಹೊರಟಿದ್ದೆವು. ದೋಣಿಯ ಪ್ರಶ್ನೆ ಕೇಳಿದ್ದರೆ ಆ ಎರಡು ಮಕ್ಕಳು ಇಷ್ಟು ಹೊತ್ತಿಗೆ ಇನ್ನೂ ದೂರ, ಯಾವುದೋ ಬಯಲಿನಲ್ಲಿ ಇರುತ್ತಿದ್ದವು. ನಕಾಶೆಯ ಹತ್ತಿರ ಹೋದೆ. ಸಮುದ್ರಕ್ಕೆ ಮುಂಚೆ, ಪಶ್ಚಿಮದ ಎತ್ತರದ ಬಯಲಿನಲ್ಲಿ, ನೀಲಿ ಶಾಯಿ ಚೆಲ್ಲಿದಂತೆ ಎರಡು ದೊಡ್ಡ ಉಪ್ಪುನೀರಿನ ಸರೋವರಗಳಿದ್ದವು. ನಮಗಿಂತ ಉತ್ತರಕ್ಕೆ ಉಪ್ಪಂಗಳ. ನಮಗಿಂತ ದಕ್ಷಿಣಕ್ಕೆ ಕಲ್ಲುಸಾಗರ. ನನ್ನ ಬೆರಳು ಎರಡರ ನಡುವೆ ನಿಂತಿತು. ಯಾವುದೆಂದು ನನಗೂ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅದೇ ಒಂದು ನೆಮ್ಮದಿ ಎನಿಸಿತು. ಗೊತ್ತಿಲ್ಲದ್ದನ್ನು ಬಾಯಿಬಿಡುವ ಭಯವಿಲ್ಲವಲ್ಲ.

"ಎರಡರಲ್ಲಿ ಒಂದು ಮಿಸ್" ಎಂದಳು ಹೇಮಿ, ನನ್ನ ಬೆರಳನ್ನು ನೋಡುತ್ತಿರುವಂತೆ. "ಯಾವುದು ಅಂತ ಗೊತ್ತಾಗ್ಬೇಕಾದ್ರೆ ನಡುಹಗಲ ನೆರಳು ನೋಡಬೇಕು. ಇಲ್ಲಿ ಮೋಡ ಕವಿದೈತೆ. ಇವತ್ತು ಬಿಸಿಲು ಬರದಿದ್ರೆ ನಾಳೆ ನೋಡ್ತೀನಿ."

"ನಾಳೆ!" ಚೌಡಮ್ಮ ಮಡಕೆಯ ಮುಂದೆ ಕುಸಿದು ಕೂತಳು. "ಎರಡ್ರಲ್ಲಿ ಒಂದು ಹೇಳ್ಬಿಡೆ ನನ್ನವ್ವ! ಬಾಯಿಗೆ ಬಂದಿದ್ದು ಹೇಳೆ! ಕೂಸು ಬತ್ತಿ ಹೋಗ್ತೈತೆ. ಮಿಸ್ಸೇ, ನೀವಾದ್ರೂ ಹೇಳ್ರಿ ಅವಳಿಗೆ. ನಿಮ್ಮ ಮಾತು ಕೇಳ್ತಾಳೆ."

ಎಲ್ಲರ ಕಣ್ಣೂ ನನ್ನ ಮೇಲಿತ್ತು. ಕೂಸು ಮತ್ತೊಮ್ಮೆ ಅತ್ತಿತು, ನಡುವೆಯೇ ನಿಂತಿತು. ನನಗೆ ಮಕ್ಕಳಿಲ್ಲ, ಆ ತಾಯಿಗೆ ಕಾಯಿರಿ ಎನ್ನಲು ನಾನು ಯಾರು? ಹೇಳು ಎನ್ನುವುದು ಸುಲಭವಾಗಿತ್ತು. ತಪ್ಪಾದರೆ ತಪ್ಪು ಹೇಮಿಯದಾಗುತ್ತಿತ್ತು, ಕಾಯಿರಿ ಎಂದರೆ ಮಾತ್ರ ನನ್ನದು. ನಾನು ಮಂಡಿಯೂರಿ ಮಡಕೆಯ ಹತ್ತಿರ ಬಾಗಿದೆ.

"ಹೇಮಿ, ನಿನಗೆ ಗೊತ್ತಾಗುವವರೆಗೆ ಹೇಳಬೇಡ. ಯಾರು ಹೇಳಿದರೂ ಹೇಳಬೇಡ. ನಾನು ಹೇಳಿದರೂ."

ಚೌಡಮ್ಮ ನನ್ನ ತೋಳಿಗೆ ಹೊಡೆದಳು. ಜೋರಾಗಿಯೇ ಹೊಡೆದಳು. ನಾನು ಅವಳ ಕೈ ತಡೆಯಲಿಲ್ಲ. ಆಮೇಲೆ ಅದೇ ತೋಳಿಗೆ ಹಣೆ ಇಟ್ಟು ಅವಳು ಅತ್ತಳು. ಅವಳ ಜ್ವರದ ಬಿಸಿ ಸೀರೆಯ ಮೂಲಕ ನನ್ನ ಮೈಗೆ ತಾಗುತ್ತಿತ್ತು.

"ಮಿಸ್, ನಮ್ಮೂರಿನ ನೆರಳು ಇವತ್ತು ಎಷ್ಟು?" ಎಂದಿತು ಮಡಕೆ. "ಹೋದ ಶನಿವಾರದ್ದು ಗೊತ್ತು. ಇವತ್ತಿಂದು ಬೇಕು. ಸ್ಕೇಲು ನೆಟ್ಟಗೆ ನಿಲ್ಸಿದ್ರೆ ಎಷ್ಟು ಬರ್ತೈತೆ ಅಂತ."

"ಹೇಳಬ್ಯಾಡಿ!" ಗುರುಮೂರ್ತಪ್ಪ ಊರುಗೋಲು ನೆಲಕ್ಕೆ ಕುಟ್ಟಿದರು. "ಅದೂ ಹೇಳಿದಂಗೇ ಆಗ್ತೈತೆ."

"ಇಲ್ಲ ಸಾರ್. ಅದು ಇಲ್ಲಿನದು. ಅಲ್ಲಿನದನ್ನ ಹೇಳಬಾರದು, ಇಲ್ಲಿನದನ್ನ ಹೇಳಬಹುದು."

"ಗ್ಯಾರಂಟಿ ಐತಾ?"

"ಇಲ್ಲ" ಎಂದೆ. "ಆದರೂ ಹೇಳ್ತೀನಿ. ಅವಳು ಕೇಳಿದ್ದು ತನ್ನ ಊರಿನ ಸುದ್ದಿ. ಅದನ್ನೂ ಕೊಡಲ್ಲ ಅಂದರೆ ನಾವು ಇಲ್ಲಿ ಕೂತಿರೋದಾದರೂ ಯಾಕೆ?"

ನಡುಹಗಲಿಗೆ ಈರಣ್ಣ ತನ್ನ ಚಾಪೆಯ ಪಕ್ಕದ ನೆಲವನ್ನು ಅಂಗೈಯಿಂದ ಸವರಿ ಸಮ ಮಾಡಿದ. ಮಕ್ಕಳು ಸ್ಕೇಲು ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ನೆಟ್ಟಗಿದೆಯೇ ಎಂದು ನೋಡಿದರು. ನೆರಳು ಗಿಡ್ಡವಾಗುತ್ತ ಗಿಡ್ಡವಾಗುತ್ತ ಬಂದು ಮತ್ತೆ ಉದ್ದವಾಗಲು ಶುರುವಾಗುವ ಆ ಗಳಿಗೆಯವರೆಗೆ ಲೋಕೇಶಿ ನೆಲಕ್ಕೆ ಮೂಗು ತಾಗಿಸಿ ಮಲಗಿದ್ದ. ಅಳತೆಯನ್ನು ಅವನೇ ಮಡಕೆಯೊಳಗೆ ಕೂಗಿದ. ಅದೊಂದು ಅಂಕಿ ಬಿಟ್ಟು ಬೇರೇನೂ ಕೂಗಲಿಲ್ಲ. ಅವನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಅತ್ತ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಅಲ್ಲಿ 'ಬಿಸಿಲು ಬಂತಕ್ಕಾ, ಬಂತು' ಎಂದು ಹೇಮಿ ಯಾರಿಗೋ ಕೂಗಿದ್ದು ಕೇಳಿತು. ಆ ಹೆಂಗಸು ಏನೋ ಕೇಳಿದಳು. 'ಆಮೇಲೆ ಹೇಳ್ತೀನಿ ಅಕ್ಕಾ, ಈಗ ನೆರಳಿಗೆ ಅಡ್ಡ ನಿಂತ್ಕಬೇಡಿ' ಎಂದಳು ಹೇಮಿ. ಚೌಡಮ್ಮ ನನ್ನ ಬೆರಳುಗಳನ್ನು ಮುರಿಯುವಂತೆ ಹಿಡಿದಿದ್ದಳು.

"ನಮ್ಮದಕ್ಕಿಂತ ಉದ್ದ ಐತೆ" ಎಂದಳು ಹೇಮಿ. ದನಿ ನಿಧಾನವಾಗಿತ್ತು. "ಮಾಗಿಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ನೆರಳು ಉದ್ದ ಅಂದ್ರೆ ನಾನು ಅವನಿಂದ ಇನ್ನೂ ದೂರ ಇದೀನಿ. ಉತ್ತರಕ್ಕೆ. ಬೇರೆ ಯಾವುದೂ ಆಗಿರಕ್ಕಿಲ್ವಾ ಅಂತ ಮತ್ತೆ ನೋಡ್ದೆ ಮಿಸ್. ಆಗಿರಕ್ಕಿಲ್ಲ."

ಯಾರೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಇಷ್ಟು ಜನ ಹೀಗೆ ಬಾಯಿ ಕಟ್ಟಿಕೊಂಡು ಕೂತದ್ದನ್ನು ನಾನು ಕಂಡಿಲ್ಲ.

"ಇದು ಉಪ್ಪಂಗಳ" ಎಂದಳು ಹೇಮಿ. ಫೋನು ಕಡಿದುಹೋಯಿತು.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಮಾಡುವುದಕ್ಕೆ ಏನೂ ಇಲ್ಲದಿದ್ದಾಗ ನಾನು ಎಷ್ಟು ಕೆಟ್ಟದ್ದನ್ನು ಯೋಚಿಸಬಲ್ಲೆ ಎಂಬುದು ನನಗೆ ಗೊತ್ತು. ಆ ದಿನ ಅದನ್ನೆಲ್ಲ ಯೋಚಿಸಿದೆ, ಆದರೂ ಜಾಗ ಬಿಟ್ಟು ಕದಲಲಿಲ್ಲ.

ಬೆಳಕು ಹರಿಯುವಾಗ ಈರಣ್ಣ ಚಾಪೆಯೊಂದಿಗೆ ಬೀದಿಯ ನಡುವೆ ಮಲಗಿದ್ದ. ಅವನು ಕೂತಿದ್ದ ಜಾಗದಲ್ಲಿ ಮನೆ ಇತ್ತು. ಹೊಸ್ತಿಲಿನವರೆಗೆ ಉಪ್ಪು ಬೆಳ್ಳಗೆ ಕಟ್ಟಿತ್ತು. ಮಾಡಿನ ಮೇಲೆ ಕಾಲು ಉದ್ದದ ಒಂದು ಬಿಳಿ ಹಕ್ಕಿ, ತಾನು ಎಲ್ಲಿಗೆ ಬಂದೆನೆಂದು ತಿಳಿಯದೆ, ಕತ್ತು ಚಾಚಿ ನಮ್ಮನ್ನೆಲ್ಲ ನೋಡುತ್ತಿತ್ತು. ಬಾಗಿಲು ತೆರೆಯಿತು. ಕೆದರಿದ ತಲೆಯ ಹೇಮಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಅವಳು ಮೆಟ್ಟಿಲು ಇಳಿಯುವಷ್ಟೂ ತಡೆಯದೆ ಚೌಡಮ್ಮ ಕೂಸನ್ನು ಕಸಿದುಕೊಂಡು, ಆ ಉಪ್ಪಿನ ಮೇಲೇ ಕುಕ್ಕರಿಸಿ, ರವಿಕೆಯ ಗುಂಡಿ ಕೀಳುವಂತೆ ಬಿಚ್ಚಿದಳು.

ಬೀದಿಯಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ ಬೆನ್ನು ತಿರುಗಿಸಿದರು. ಲೋಕೇಶಿಯೂ ದೊಡ್ಡವನಂತೆ ತಿರುಗಿದ. ಕೂಸು ಮೊದಲು ತಲೆ ಹೊರಳಿಸಿತು, ಕೊಸರಿತು. ಚೌಡಮ್ಮ ಅದರ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ಏನೋ ಗೊಣಗಿದಳು. ಆಮೇಲೆ ಗುಟುಕು ಗುಟುಕಾಗಿ ನುಂಗುವ ಸದ್ದು ಶುರುವಾಯಿತು. ಅಷ್ಟು ಚಿಕ್ಕ ಸದ್ದು ಇಡೀ ಬೀದಿಗೆ ಕೇಳುತ್ತಿತ್ತು.

ಗುರುಮೂರ್ತಪ್ಪನವರು ನನ್ನ ಪಕ್ಕದಲ್ಲಿ, ಎದುರಿನ ಗೋಡೆಯನ್ನು ನೋಡುತ್ತ ನಿಂತಿದ್ದರು. "ಮಿಸ್ನೋರೆ" ಎಂದರು ತಲೆ ತಿರುಗಿಸದೆ. "ನಮ್ಮ ನಂದೀಶನಿಗೆ ಅಲ್ಲಿ ಮಳೆ ಬತ್ತದಾ, ನೆರಳು ಎಷ್ಟುದ್ದ, ಏನೂ ನಾನು ಇವತ್ತಿನವರೆಗೂ ಕೇಳಿಲ್ಲ. ಕೇಳಿದ್ರೆ ಏನಾದ್ರೂ ಆದೀತು ಅಂತ. ಅವನ ಮನೆ ಬೇರು ಬಿಟ್ಟಾಗಿದೆ. ಇನ್ನೇನು ಆಗ್ತದೆ?"

"ಏನೂ ಆಗಲ್ಲ ಸಾರ್. ಕೇಳಿ."

ಅಷ್ಟರಲ್ಲಿ ನಮ್ಮ ಹಿಂದೆ ಹೇಮಿ ಮಾತು ಶುರುಮಾಡಿದ್ದಳು. ಮಕ್ಕಳೆಲ್ಲ ಅವಳನ್ನು ಮುತ್ತಿಕೊಂಡಿದ್ದರು. ಉಪ್ಪಂಗಳದ ನೀರು ಕಹಿ ಕಣೆ, ಉಪ್ಪಂಗಳದ ಮೇಕೆಗಳು ಗಿಡ್ಡ, ಉಪ್ಪಂಗಳದ ಅಕ್ಕ ನಂಗೆ ಒಂದು ಚೀಲ ಉಪ್ಪು ಕೊಟ್ಟವ್ರೆ, ಉಪ್ಪಂಗಳದಲ್ಲಿ ಚಳಿ ಅಂದ್ರೆ ಹಲ್ಲು ಕಟಕಟ ಅಂತದೆ. ನಮ್ಮ ಬೀದಿಯಲ್ಲಿ ಯಾವ ಊರಿನ ಹೆಸರನ್ನೂ ಹಾಗೆ ಗಟ್ಟಿಯಾಗಿ, ಮತ್ತೆ ಮತ್ತೆ, ಯಾರೂ ಹೇಳಿದ್ದಿಲ್ಲ. ಅಭ್ಯಾಸದಂತೆ ಕೆಲವು ಹೆಂಗಸರ ಕೈ ತಮ್ಮ ಮಕ್ಕಳ ಕಿವಿಯ ಕಡೆಗೆ ಹೋಯಿತು. ನಾನು ಗುರುಮೂರ್ತಪ್ಪನವರ ಊರುಗೋಲನ್ನೇ ನೋಡುತ್ತಿದ್ದೆ, ಅದು ಈಗ ನೆಲಕ್ಕೆ ಕುಟ್ಟುತ್ತದೆ, ಈಗ ಕುಟ್ಟುತ್ತದೆ ಎಂದು. ಅವರು ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಜುಬ್ಬದ ಜೇಬಿನಿಂದ ಫೋನು ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಗುಂಡಿ ಒತ್ತತೊಡಗಿದರು.